ಹಿಂದಿನ ಚಕ್ರದ ಕಾರು, ಮುಂದೆ ಹುರುಳಿ ಒಕ್ಕಣೆ: ಗ್ರಿಪ್‌ಗೆ ದುಡ್ಡು ಎಲ್ಲಿ ಹಾಕಬೇಕು?

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ)

ಬಸ್ಸಲ್ಲಿ ಕೂತು ಕೇಳ್ತಿರೋರು ಆರಾಮಾಗಿ ಕೇಳಿ. ಗಾಡಿ ಓಡಿಸ್ತಾ ಕೇಳ್ತಿರೋರು ವಾಲ್ಯೂಮ್ ಸ್ವಲ್ಪ ಇಳಿಸ್ಕೊಳ್ಳಿ, ಹಿಂದಿನವರ ಹಾರ್ನ್ ಕೇಳಿಸ್ಬೇಕು.

ಈ ವಾರದ ವಿಷಯ ನಿಮ್ಮಲ್ಲೊಬ್ಬರಿಂದಲೇ ಬಂತು. ಟಿ. ನರಸೀಪುರದ ಕೇಳುಗರೊಬ್ಬರು ವಾಯ್ಸ್ ನೋಟ್ ಕಳ್ಸಿದ್ರು. "ಬ್ರೋ, ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯು 320ಡಿ ತಗೊಂಡೆ. ಮಳೆ ಬಂದ್ರೆ ತಿರುವಲ್ಲಿ ಹಿಂಭಾಗ ಜಾರಿದಂಗಾಗುತ್ತೆ. ರೀಮ್ಯಾಪ್ ಮಾಡಿಸೋಕೆ ಅಂತ ಒಂದು ಲಕ್ಷ ಎತ್ತಿಟ್ಟಿದ್ದೀನಿ. ಮೊದಲು ಏನು ಮಾಡಿಸ್ಲಿ?"

ನಾನು ಮೆಕ್ಯಾನಿಕ್ ಅಲ್ಲ, ಬಿಕಾಂ ಓದಿದವನು. ಆದ್ರೆ ಈ ಪ್ರಶ್ನೆ ಅರ್ಧ ಎಂಜಿನಿಯರಿಂಗು, ಅರ್ಧ ಅಕೌಂಟ್ಸು. ಒಂದು ಲಕ್ಷ ರೂಪಾಯಿನ ಎಲ್ಲಿ ಹಾಕಿದ್ರೆ ಗಾಡಿ ರೋಡಿಗೆ ಕಚ್ಚಿಕೊಂಡು ಹೋಗುತ್ತೆ ಅನ್ನೋದು ಬಜೆಟ್ ಪ್ರಶ್ನೆ. ಹಾಗಾಗಿ ಬಜೆಟ್ ಥರಾನೇ ನೋಡೋಣ.

ರಿಯರ್ ವೀಲ್ ಡ್ರೈವ್ ನಮಗೆ ಹೊಸದೇನಲ್ಲ

ಆಲ್ಟೋ, ಸ್ವಿಫ್ಟ್, ಐ20 ಇವೆಲ್ಲ ಮುಂದಿನ ಚಕ್ರದಿಂದ ಎಳೆಯೋ ಗಾಡಿಗಳು. ಇವುಗಳಲ್ಲಿ ತಿರುಗಿಸೋದೂ ಎಳೆಯೋದೂ ಎರಡೂ ಮುಂದಿನ ಚಕ್ರಾನೇ. 320ಡಿಯಲ್ಲಿ ಎಂಜಿನ್ ಮುಂದಿದೆ, ಶಕ್ತಿ ಹೋಗೋದು ಹಿಂದಿನ ಚಕ್ರಕ್ಕೆ. ಮುಂದಿನದು ದಾರಿ ತೋರಿಸುತ್ತೆ, ಹಿಂದಿನದು ತಳ್ಳುತ್ತೆ.

ಇದೇನೋ ಸ್ಪೋರ್ಟ್ಸ್ ಕಾರಿನ ದೊಡ್ಡ ವಿದ್ಯೆ ಅಂದ್ಕೋಬೇಡಿ. ನಮ್ಮ ಓಮ್ನಿ ರಿಯರ್ ವೀಲ್ ಡ್ರೈವ್. ಅಂಬಾಸಿಡರ್, ಬೊಲೆರೊ, ಹಳೇ ಇನ್ನೋವಾ, ಇನ್ನೋವಾ ಕ್ರಿಸ್ಟಾ, ನಂಜನಗೂಡು ಬಸ್ ಸ್ಟ್ಯಾಂಡ್ ಮುಂದೆ ನಿಂತಿರೋ ಆಟೋ, ಎಲ್ಲವೂ ಅಷ್ಟೇ. ಬಾಳೆಗೊನೆ, ತರಕಾರಿ ಹೊಡೆಯೋ ಪಿಕಪ್ ಡ್ರೈವರ್ ಅಣ್ಣಂದಿರನ್ನ ಕೇಳಿ ನೋಡಿ. "ಲೋಡ್ ಇದ್ರೆ ಗಾಡಿ ಕೂರುತ್ತೆ, ಖಾಲಿ ಬಂದ್ರೆ ಹಿಂದೆ ಕುಣಿಯುತ್ತೆ" ಅಂತಾರೆ. ಇವತ್ತಿನ ಅರ್ಧ ಪಾಠ ಆ ಒಂದು ಮಾತಲ್ಲಿದೆ. ಹಿಂದಿನ ಚಕ್ರದ ಮೇಲೆ ಭಾರ ಇದ್ದಾಗ ಅದಕ್ಕೆ ಹಿಡಿತ ಇರುತ್ತೆ, ಭಾರ ಹೋದ್ರೆ ಹಿಡಿತವೂ ಹೋಗುತ್ತೆ.

ವ್ಯತ್ಯಾಸ ಇರೋದು ಶಕ್ತಿಯಲ್ಲಿ. ಓಮ್ನಿಯದ್ದು 796 ಸಿಸಿ ಎಂಜಿನ್. ಈಗ ರಿಯರ್ ವೀಲ್ ಡ್ರೈವ್ ಮತ್ತೆ ಬರ್ತಿದೆ, ಎಲೆಕ್ಟ್ರಿಕ್ ರೂಪದಲ್ಲಿ. 2024ರ ನವೆಂಬರ್‌ನಲ್ಲಿ ಮಹೀಂದ್ರ ತೋರಿಸಿದ ಬಿಇ 6 ಶುರುವಾಗಿದ್ದು 18.90 ಲಕ್ಷದ ಎಕ್ಸ್ ಶೋರೂಂ ಬೆಲೆಗೆ. ದೊಡ್ಡ ಬ್ಯಾಟರಿಯ ಮಾಡೆಲ್‌ನಲ್ಲಿ 210 ಕಿಲೋವ್ಯಾಟ್, ಅಂದ್ರೆ 280 ಹಾರ್ಸ್‌ಪವರ್ ಆಸುಪಾಸು, ಅಷ್ಟೂ ಹಿಂದಿನ ಎರಡು ಚಕ್ರಕ್ಕೆ. ಇನ್ನೊಂದು ಕಡೆ ಬೆಂಗಳೂರಲ್ಲಿ ಹತ್ತು ವರ್ಷ ಓಡಿದ ಬಿಎಂಡಬ್ಲ್ಯುಗಳು ಹೊಸ ಸ್ವಿಫ್ಟ್ ರೇಟಿಗೆ ನಮ್ಮ ತಾಲೂಕುಗಳಿಗೆ ಬರ್ತಿವೆ. ಸ್ವಿಫ್ಟಲ್ಲಿ ಕಲಿತ ಕಾಲು ಈಗ ಇವುಗಳ ಪೆಡಲ್ ಮೇಲೆ ಕೂರ್ತಿದೆ.

ನಮ್ಮ ರೋಡು ಹೇಗಿದೆ

ನಂಜನಗೂಡು, ಟಿ. ನರಸೀಪುರ ಎರಡೂ ಒಂದೇ ರಾಷ್ಟ್ರೀಯ ಹೆದ್ದಾರಿ ಮೇಲಿವೆ ಅನ್ನೋದು ಎಷ್ಟು ಜನಕ್ಕೆ ಗೊತ್ತು? 766. ಕೋಯಿಕ್ಕೋಡ್‌ನಿಂದ ಹೊರಟು ಗುಂಡ್ಲುಪೇಟೆ, ನಂಜನಗೂಡು, ಮೈಸೂರು, ಟಿ. ನರಸೀಪುರ ದಾಟಿ ಕೊಳ್ಳೇಗಾಲ ಸೇರುತ್ತೆ. ಮೈಸೂರು–ನಂಜನಗೂಡು ನಡುವೆ ಡಿವೈಡರ್ ಇರೋ ಅಗಲ ರೋಡು. ಆದ್ರೆ ಎರಡೂ ಊರಿಂದ ಹಳ್ಳಿಗಳ ಕಡೆ ಹೊರಳಿದ್ರೆ ಎದುರುಬದುರು ಓಡಾಡೋ ರೋಡೇ.

ಆ ರೋಡುಗಳ ಮೇಲೆ ವರ್ಷಪೂರ್ತಿ ಟಾರ್ ಒಂದೇ ಥರ ಇರಲ್ಲ. ಜುಲೈ, ಆಗಸ್ಟಲ್ಲಿ ನಾಟಿ ಟೈಮು. ಗದ್ದೆಯಿಂದ ಹತ್ತಿದ ಟ್ರ್ಯಾಕ್ಟರ್ ಚಕ್ರದಿಂದ ಕೆಸರಿನ ಹೆಂಟೆ ಟಾರ್ ಮೇಲೆ ಉದುರಿರುತ್ತೆ. ಕಬ್ಬು ಕಟಾವಿನ ಟೈಮಲ್ಲಿ ಅಳಗಂಚಿ ಫ್ಯಾಕ್ಟರಿ ಕಡೆ ಹೋಗೋ ಟ್ರೈಲರ್‌ಗಳಿಂದ ಬಿದ್ದ ಜಲ್ಲೆ, ಸೋಗೆ. ಬೇಸಿಗೆ ಮುಗಿದು ಮೊದಲ ಮಳೆ ಬಿದ್ದಾಗ ಧೂಳು, ಆಯಿಲ್ ಸೇರಿ ಸೋಪಿನ ನೀರಿನ ಹಾಗೆ ಆಗಿರುತ್ತೆ.

ಇನ್ನು ಡಿಸೆಂಬರ್, ಜನವರಿ ಬಂತು ಅಂದ್ರೆ ಹುರುಳಿ. ಕೊಯ್ದ ಹುರುಳಿ ಗಿಡಾನ ರೋಡಲ್ಲಿ ಹರಡ್ತಾರೆ, ನಮ್ಮ ಗಾಡಿಗಳೇ ಒಕ್ಕಣೆ ಮಾಡ್ಬೇಕು. ಹರಡಬೇಡಿ ಅಂತ ಪ್ರತಿ ವರ್ಷ ಪೊಲೀಸರು ಹೇಳ್ತಾರೆ, ಪ್ರತಿ ವರ್ಷ ಹರಡ್ತಾರೆ. ರೈತರನ್ನ ಬೈಯೋದು ಸುಲಭ. ಊರಲ್ಲಿದ್ದ ಕಣಗಳು ಎಲ್ಲಿ ಹೋದ್ವು ಅಂತಲೂ ಕೇಳ್ಬೇಕು. ಅದು ಬೇರೆ ಎಪಿಸೋಡ್. ಇವತ್ತಿಗೆ ಇಷ್ಟು ತಿಳ್ಕೊಳ್ಳಿ: ಆ ಹುಲ್ಲಿನ ಪದರದ ಮೇಲೆ ಟೈರು ಟಾರನ್ನ ಮುಟ್ಟೋದೇ ಇಲ್ಲ. ಮತ್ತೆ ರೋಡ್ ಬದಿಯಲ್ಲಿ ಮೊರ ಹಿಡ್ಕೊಂಡು ಯಾರದೋ ಅಮ್ಮ ಕೂತಿರ್ತಾರೆ.

2023ರ ಮೇ 29ರಂದು ಟಿ. ನರಸೀಪುರ ತಾಲೂಕಿನ ಕುರುಬೂರು ಹತ್ತಿರ ಇನ್ನೋವಾ ಮತ್ತು ಖಾಸಗಿ ಬಸ್ ಮುಖಾಮುಖಿಯಾಗಿ 10 ಜನ ಹೋದ್ರು. ಅದಕ್ಕೂ ಟೈರ್ ಹಿಡಿತಕ್ಕೂ ಸಂಬಂಧ ಕಲ್ಪಿಸ್ತಾ ಇಲ್ಲ. ಎದುರುಬದುರು ಓಡಾಡೋ ರೋಡಲ್ಲಿ ನಮ್ಮ ಲೇನ್ ಬಿಟ್ಟು ಒಂದು ಕಾರಿನಗಲ ಆಚೆ ಹೋದ್ರೆ ಅಲ್ಲಿ ಯಾರು ಬರ್ತಿರ್ತಾರೆ ಅನ್ನೋದನ್ನ ಆ ದಿನ ಈ ಭಾಗದವರೆಲ್ಲ ನೋಡಿದ್ದೀವಿ. ಹಿಂಭಾಗ ಜಾರೋ ಗಾಡಿ ಆಚೆ ಹೋಗೋದೂ ಅದೇ ಲೇನಿಗೆ.

ಗ್ರಿಪ್ ಅಂದ್ರೆ ತಿಂಗಳ ಸಂಬಳ

ಈಗ ಲೆಕ್ಕಕ್ಕೆ ಬರೋಣ. ಒಂದೂವರೆ ಟನ್ ಕಾರು ರೋಡನ್ನ ಮುಟ್ಟೋದು ನಾಲ್ಕೇ ಜಾಗದಲ್ಲಿ. ಒಂದೊಂದೂ ಹೆಚ್ಚುಕಮ್ಮಿ ನಿಮ್ಮ ಅಂಗೈಯಷ್ಟು. ಬ್ರೇಕ್, ತಿರುವು, ಪಿಕಪ್ ಎಲ್ಲಾ ಖರ್ಚೂ ಆ ನಾಲ್ಕು ಅಂಗೈಯಿಂದಲೇ ಆಗ್ಬೇಕು.

ಒಣ ರೋಡಲ್ಲಿ ಆ ಸಂಬಳ 100 ರೂಪಾಯಿ ಅಂತ ಇಟ್ಕೊಳ್ಳಿ. ಬ್ರೇಕಿಗೆ 80 ಖರ್ಚು ಮಾಡಿದ್ರೆ ತಿರುಗೋಕೆ ಎಷ್ಟು ಉಳಿಯುತ್ತೆ? 20 ಅಂತೀರಿ. ಅಲ್ಲ, 60. ಇದು ನೇರ ಕಳೆಯೋ ಲೆಕ್ಕ ಅಲ್ಲ, ಲಂಬಕೋನ ತ್ರಿಕೋನದ ಲೆಕ್ಕ. 80ರ ವರ್ಗ, 60ರ ವರ್ಗ ಕೂಡಿದ್ರೆ 100ರ ವರ್ಗ. ಹೈಸ್ಕೂಲಲ್ಲಿ ಮಾಡಿದ್ದೇ. ಹಾಗಾಗಿ ಮೃದುವಾಗಿ ಬ್ರೇಕ್ ಹಿಡಿದೇ ತಿರುವಿಗೆ ಇಳಿಯಬಹುದು. ಆದ್ರೆ ಪೂರ್ತಿ 100 ಬ್ರೇಕಿಗೇ ಕೊಟ್ರೆ ತಿರುಗೋಕೆ ಸೊನ್ನೆ. ಸ್ಟಿಯರಿಂಗ್ ಎಷ್ಟೇ ತಿರುಗಿಸಿ, ಕಾರು ನೇರ ಹೋಗುತ್ತೆ.

ಈಗ ಮಳೆ. ಒಣ ಟಾರ್ ಮೇಲೆ ಘರ್ಷಣೆಯ ಅಂಕ 0.7, ಒದ್ದೆಯಾದ್ರೆ 0.4 ಅಂತ ಹಿಡಿಯೋಣ. ಟೈರ್, ಟಾರ್ ಮೇಲೆ ಇದು ಹೆಚ್ಚುಕಮ್ಮಿ ಆಗುತ್ತೆ. ಅಂದ್ರೆ 100 ರೂಪಾಯಿ ಸಂಬಳ 57ಕ್ಕೆ ಇಳೀತು. 80 ಕಿಲೋಮೀಟರ್ ವೇಗದಲ್ಲಿ ಬ್ರೇಕ್ ಕಚ್ಚಿದ ಮೇಲೆ ಒಣ ರೋಡಲ್ಲಿ ನಿಲ್ಲೋಕೆ ಸುಮಾರು 36 ಮೀಟರ್ ಸಾಕು. ಒದ್ದೆಯಲ್ಲಿ 63 ಮೀಟರ್. ನೀವು ನೋಡಿ, ಯೋಚಿಸಿ, ಕಾಲಿಡೋ ಒಂದು ಸೆಕೆಂಡಲ್ಲಿ ಹೋಗೋ 22 ಮೀಟರ್ ಇದಕ್ಕೆ ಸೇರಿಲ್ಲ.

ತಿರುವಿನ ಲೆಕ್ಕ ಇನ್ನೂ ಖಾರ. 50 ಮೀಟರ್ ತ್ರಿಜ್ಯದ ಒಂದು ಸಾಧಾರಣ ತಿರುವು ತಗೊಳ್ಳಿ. ಒಣ ರೋಡಲ್ಲಿ ಗರಿಷ್ಠ ಮಿತಿ ಸುಮಾರು 67 ಕಿಲೋಮೀಟರ್. ಒದ್ದೆಯಲ್ಲಿ 50. ಹುರುಳಿ ಹುಲ್ಲಿನ ಮೇಲೆ ಅಂಕ 0.25ಕ್ಕೆ ಇಳೀತು ಅಂತ ಅಂದ್ಕೊಂಡ್ರೆ 40. ಇವು ಆರಾಮಾಗಿ ಹೋಗೋ ಸ್ಪೀಡ್ ಅಲ್ಲ, ಇದರಾಚೆ ಗಾಡಿ ನಿಮ್ಮ ಮಾತು ಕೇಳಲ್ಲ ಅನ್ನೋ ಗೆರೆ.

ಈಗ ನಮ್ಮ ಕೇಳುಗರ 320ಡಿನ ಆ ತಿರುವಿಗೆ 50ರಲ್ಲಿ ಬಿಡಿ. ಒಣ ರೋಡಲ್ಲಿ ತಿರುಗೋಕೆ 57 ರೂಪಾಯಿ ಖರ್ಚಾಗುತ್ತೆ, ತ್ರಿಕೋನದ ಲೆಕ್ಕದಲ್ಲಿ ಎಕ್ಸಿಲರೇಟರ್‌ಗೆ ಇನ್ನೂ 80ರಷ್ಟು ಇದೆ. ಒತ್ತಿದ್ರೂ ಗಾಡಿ ಹಿಡ್ಕೊಳ್ಳುತ್ತೆ. ಒದ್ದೆಯಲ್ಲಿ ಸಂಬಳಾನೇ 57. ತಿರುಗೋಕೆ ಪೂರ್ತಿ ಖಾಲಿ. ಇನ್ನು ಎಕ್ಸಿಲರೇಟರ್ ಮುಟ್ಟಿದ ಪ್ರತಿ ಪೈಸೆಯೂ ಸಾಲ. ರಿಯರ್ ವೀಲ್ ಡ್ರೈವಲ್ಲಿ ಆ ಸಾಲ ಮಾಡೋದು ಹಿಂದಿನ ಚಕ್ರ, ಅದಕ್ಕೇ ಹಿಂಭಾಗ ಆಚೆ ಬರೋದು. ಇದನ್ನೇ ಓವರ್‌ಸ್ಟಿಯರ್ ಅಂತಾರೆ.

ಈಗ ಹೇಳಿ, ಈ ಸ್ಥಿತಿಯಲ್ಲಿ ರೀಮ್ಯಾಪ್ ಮಾಡಿಸಿ ಟಾರ್ಕ್ ಏರಿಸಿದ್ರೆ ಏನಾಗುತ್ತೆ? ಸಂಬಳ ಏರಲಿಲ್ಲ, ಕ್ರೆಡಿಟ್ ಕಾರ್ಡ್ ಲಿಮಿಟ್ ಏರಿತು.

ಕಾಲು ತೆಗೆಯೋದೂ ಒಂದು ಅಪಾಯ

ಸ್ವಿಫ್ಟಲ್ಲಿ ತಿರುವಿಗೆ ಜಾಸ್ತಿ ಸ್ಪೀಡಲ್ಲಿ ಹೋದ್ರೆ ಮುಂಭಾಗ ಹೊರಗೆ ಎಳೆಯುತ್ತೆ. ನಾವೇನು ಮಾಡ್ತೀವಿ? ಗಾಬರಿಯಾಗಿ ಎಕ್ಸಿಲರೇಟರ್ ಬಿಡ್ತೀವಿ. ಭಾರ ಮುಂದಕ್ಕೆ ಬರುತ್ತೆ, ಮುಂದಿನ ಚಕ್ರ ಹಿಡ್ಕೊಳ್ಳುತ್ತೆ, ಬಹಳ ಸಲ ಗಾಡಿ ಬಚಾವ್.

ಅದೇ ಅಭ್ಯಾಸ 320ಡಿಯಲ್ಲಿ, ಒದ್ದೆ ತಿರುವಿನ ಮಧ್ಯೆ ಮಾಡಿದ್ರೆ? ಭಾರ ಮುಂದಕ್ಕೆ ಬಂತು ಅಂದ್ರೆ ಹಿಂದೆ ಹಗುರ ಆಯ್ತು. ಮೊದಲೇ ಸಾಲದಲ್ಲಿದ್ದ ಹಿಂದಿನ ಚಕ್ರಕ್ಕೆ ಇದ್ದ ಭಾರವೂ ಹೋಯ್ತು, ಎಂಜಿನ್ ಬ್ರೇಕಿಂಗ್ ಬೇರೆ ಅದೇ ಚಕ್ರಕ್ಕೆ. ಖಾಲಿ ಪಿಕಪ್ ಕುಣಿಯುತ್ತೆ ಅಂದ್ವಲ್ಲ, ಅದೇ ಸ್ಥಿತಿ.

ಹಾಗಾಗಿ ರೂಲ್ ಸಿಂಪಲ್. ಬ್ರೇಕ್ ತಿರುವಿಗೆ ಮುಂಚೆ, ನೇರ ಇರುವಾಗ. ತಿರುವಿನೊಳಗೆ ಎಕ್ಸಿಲರೇಟರ್ ಹಗುರವಾಗಿ, ಒಂದೇ ಸಮ. ಸ್ಟಿಯರಿಂಗ್ ನೇರ ಆಗ್ತಾ ಬಂದ ಹಾಗೆ ಮೆಲ್ಲಗೆ ಒತ್ತಿ. ಹಿಂಭಾಗ ಜಾರಿದ್ರೆ ಕಣ್ಣು ಹೋಗಬೇಕಾದ ದಾರಿ ಕಡೆ ಇರಲಿ, ಜಾರಿದ ಕಡೆಗೇ ಸ್ಟಿಯರಿಂಗ್ ಸ್ವಲ್ಪ ತಿರುಗಿಸಿ, ಬಲವಾಗಿ ಬ್ರೇಕ್ ಹೊಡೀಬೇಡಿ, ಎಕ್ಸಿಲರೇಟರ್ ಕೂಡ ಸರಕ್ಕನೆ ಬಿಡದೆ ಸಡಿಲ ಮಾಡಿ.

ಮತ್ತೆ ಆ ಟ್ರ್ಯಾಕ್ಷನ್ ಬಟನ್. ಬಿಎಂಡಬ್ಲ್ಯುನಲ್ಲಿ ಡಿಎಸ್‌ಸಿ ಅಂತಾರೆ. ಗಾಡಿ ಜಾರ್ತಿದೆ ಅಂತ ಗೊತ್ತಾದ ತಕ್ಷಣ ಎಂಜಿನ್ ಶಕ್ತಿ ತಗ್ಗಿಸಿ, ಬೇಕಾದ ಒಂದೇ ಚಕ್ರಕ್ಕೆ ಬ್ರೇಕ್ ಹಾಕುತ್ತೆ. ನಮ್ಮ ಕಾಲಿಂದ ಆ ಕೆಲಸ ಆಗಲ್ಲ, ನಮಗಿರೋದು ಒಂದೇ ಬ್ರೇಕ್ ಪೆಡಲ್. ರೀಲ್ಸಿಗೋಸ್ಕರ ಅದನ್ನ ಆಫ್ ಮಾಡ್ಬೇಡಿ. ಹಾಗಂತ ಅದು ಹೊಸ ಗ್ರಿಪ್ ಹುಟ್ಟಿಸಲ್ಲ, ಇರೋ 57 ರೂಪಾಯಿನ ಜಾಣತನದಿಂದ ಹಂಚುತ್ತೆ ಅಷ್ಟೇ.

ಒಂದು ಲಕ್ಷದ ಬಜೆಟ್

ಮೊದಲ ಖರ್ಚು ಟೈರು. ಎರಡನೇದು? ಟೈರ್ ಸರಿ ಇಲ್ಲದಿದ್ರೆ ಎರಡನೇದೂ ಟೈರೇ. ನಾಲ್ಕು ಒಳ್ಳೆ ಟೈರಿಗೆ ಆ ಲಕ್ಷದ ದೊಡ್ಡ ಪಾಲು ಹೋಗುತ್ತೆ, ಹೋಗ್ಲಿ. ನಾವೇನು ಟೈರ್ ಗೊತ್ತಿಲ್ಲದ ಊರಿನವರಾ? ಮೈಸೂರಲ್ಲಿ ವಿಕ್ರಾಂತ್ ಟೈರ್ಸ್ ಇತ್ತು, 1997ರಲ್ಲಿ ಜೆಕೆ ತಗೊಳ್ತು, ಇವತ್ತಿಗೂ ಅಲ್ಲಿ ಟೈರ್ ತಯಾರಾಗುತ್ತೆ.

ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ. 2319 ಅಂತಿದ್ರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಹಳೇ ರಬ್ಬರ್ ಗಟ್ಟಿಯಾಗುತ್ತೆ, ಗೀರು ಆಳ ಇದ್ರೂ ಒದ್ದೆಯಲ್ಲಿ ಹಿಡಿಯಲ್ಲ. ಸೆಕೆಂಡ್ ಹ್ಯಾಂಡ್ ಕಾರು ಕಮ್ಮಿ ಓಡಿದೆ ಅಂದಾಗ ಇದನ್ನ ಮೊದಲು ನೋಡಿ. ಗೀರಿನ ಒಳಗೆ ಸಣ್ಣ ದಿಬ್ಬ ಇರುತ್ತಲ್ಲ, ಟಿಡಬ್ಲ್ಯುಐ ಅಂತ, ಅದು 1.6 ಮಿಲಿಮೀಟರ್. ಟೈರು ಸವೆದು ಅದರ ಸಮಕ್ಕೆ ಬಂದ್ರೆ ಕಾನೂನಿನ ಪ್ರಕಾರವೇ ಟೈರ್ ಮುಗೀತು. ಮಳೆಗಾಲಕ್ಕೆ ಅಲ್ಲಿವರೆಗೂ ಕಾಯಬೇಡಿ, ನೀರು ಹೊರಗೆ ಹೋಗೋಕೆ ಆ ಗೀರೇ ಕಾಲುವೆ.

ಎರಡೇ ಟೈರಿಗೆ ದುಡ್ಡಿದೆ ಅಂದ್ರೆ ಹೊಸದನ್ನ ಹಿಂದಕ್ಕೆ ಹಾಕ್ಸಿ. ಮುಂಭಾಗ ಜಾರಿದ್ರೆ ಸ್ಪೀಡ್ ಇಳಿದ ಹಾಗೆ ಹಿಡ್ಕೊಳ್ಳುತ್ತೆ. ಹಿಂಭಾಗ ಜಾರಿದ್ರೆ ಗಾಡಿ ಗಿರಕಿ ಹೊಡೆಯುತ್ತೆ. ಒಂದೇ ಆಕ್ಸಲ್‌ನಲ್ಲಿ ಎರಡು ಬೇರೆ ಬೇರೆ ಟೈರ್ ಬೇಡ. ಬಿಎಂಡಬ್ಲ್ಯುನಲ್ಲಿ ರನ್‌ಫ್ಲಾಟ್ ಟೈರ್ ಬಂದಿರುತ್ತೆ, ಬಹಳಷ್ಟರಲ್ಲಿ ಸ್ಟೆಪ್ನಿ ಇರಲ್ಲ. ಮಾಮೂಲಿ ಟ್ಯೂಬ್‌ಲೆಸ್‌ಗೆ ಬದಲಾಯಿಸಿದ್ರೆ ನಾಲ್ಕೂ ಬದಲಾಯಿಸಿ, ಡಿಕ್ಕಿಯಲ್ಲಿ ಪಂಚರ್ ಕಿಟ್, ಗಾಳಿ ಪಂಪ್ ಇಟ್ಕೊಳ್ಳಿ.

ಆಮೇಲೆ ಗಾಳಿ. ಇದಕ್ಕೆ ದುಡ್ಡೇ ಬೇಡ. ಡ್ರೈವರ್ ಬಾಗಿಲ ಹತ್ತಿರದ ಸ್ಟಿಕ್ಕರ್ ನೋಡಿ, ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ಹಾಕ್ಸಿ. ಓಡಿಸಿಕೊಂಡು ಬಂದ ಮೇಲೆ ಮೂರ್ನಾಲ್ಕು ಪಿಎಸ್‌ಐ ಜಾಸ್ತಿ ತೋರಿಸುತ್ತೆ, ಅದನ್ನ ಬಿಡಿಸಬೇಡಿ. "ಹಿಂದೆ ಗಾಳಿ ಕಮ್ಮಿ ಮಾಡಿದ್ರೆ ಗ್ರಿಪ್ ಬರುತ್ತೆ" ಅನ್ನೋರು ಇದ್ದಾರೆ. ತಲಕಾಡಿನ ಮರಳಲ್ಲಿ ಹೂತ ಜೀಪಿಗೆ ಆ ಮಾತು ಸರಿ. ಹೆದ್ದಾರಿಯಲ್ಲಿ ಕಮ್ಮಿ ಗಾಳಿ ಟೈರ್ ಟೈರನ್ನೇ ಬಿಸಿ ಮಾಡಿ ಸೀಳುತ್ತೆ.

ಮೂರನೇದು ವೀಲ್ ಅಲೈನ್‌ಮೆಂಟ್, ನಾಲ್ಕೂ ಚಕ್ರದ್ದು. ಎಷ್ಟೋ ಕಡೆ ಮುಂದಿನದನ್ನ ಮಾತ್ರ ಮಾಡಿ ಕಳಿಸ್ತಾರೆ. ಈ ಕಾರುಗಳಲ್ಲಿ ಹಿಂದಿನ ಚಕ್ರದ ಕೋನವೂ ಅಡ್ಜಸ್ಟ್ ಆಗುತ್ತೆ. ಹಿಂದಿನ ಎರಡು ಚಕ್ರ ಮುಂಭಾಗದಲ್ಲಿ ಕೂದಲೆಳೆಯಷ್ಟು ಒಳಮುಖ ಇದ್ರೆ ಗಾಡಿ ನೆಟ್ಟಗಿರುತ್ತೆ, ಹೊರಮುಖ ಆದ್ರೆ ಬಾಲ ಅಲ್ಲಾಡಿಸುತ್ತೆ. ಪ್ರಿಂಟ್ಔಟ್ ಕೇಳಿ ತಗೊಳ್ಳಿ. ಅದರ ಜೊತೆ ಬುಷ್ ನೋಡಿಸಿ. ಹತ್ತು ವರ್ಷದ ರಬ್ಬರ್ ಬುಷ್ ಸಡಿಲ ಆಗಿದ್ರೆ ಇವತ್ತು ಮಾಡಿಸಿದ ಅಲೈನ್‌ಮೆಂಟ್ ಮುಂದಿನ ಹಂಪ್‌ನಲ್ಲೇ ಹೋಯ್ತು.

ನಾಲ್ಕನೇದು ಶಾಕ್ ಅಬ್ಸಾರ್ಬರ್. ಎಣ್ಣೆ ಸೋರಿದ್ರೆ, ಗುಂಡಿ ದಾಟಿದ ಮೇಲೂ ಗಾಡಿ ಎರಡು ಮೂರು ಸಲ ಏರಿಳಿದ್ರೆ, ಅಷ್ಟು ಹೊತ್ತೂ ಟೈರು ರೋಡನ್ನ ಅರ್ಧಂಬರ್ಧ ಮುಟ್ತಿದೆ ಅಂತ ಅರ್ಥ.

ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್? ಮಾಮೂಲಿ ಡಿಫರೆನ್ಷಿಯಲ್‌ನಲ್ಲಿ ಒಂದು ಚಕ್ರ ಕೆಸರಲ್ಲಿ, ಇನ್ನೊಂದು ಟಾರ್ ಮೇಲೆ ಇದ್ರೆ ಕೆಸರಿನದು ಸುಮ್ಮನೆ ತಿರುಗುತ್ತೆ, ಗಾಡಿ ಅಲ್ಲೇ. ಎಲ್‌ಎಸ್‌ಡಿ ಅದನ್ನ ತಡೆಯುತ್ತೆ. ರೇಸ್ ಟ್ರ್ಯಾಕಲ್ಲಿ ಚಿನ್ನದಂಥ ವಸ್ತು. ಆದ್ರೆ ಒದ್ದೆಯಲ್ಲಿ ಅತಿಯಾಗಿ ಒತ್ತಿದ್ರೆ ಎರಡೂ ಚಕ್ರ ಒಟ್ಟಿಗೇ ಜಾರುತ್ತೆ. ಊರ ರೋಡಿಗೆ ಅದು ಪಟ್ಟಿಯ ಕೊನೇದು.

ಬೇಡದ್ದನ್ನೂ ಹೇಳಿಬಿಡ್ತೀನಿ. ಸ್ಪ್ರಿಂಗ್ ಕತ್ತರಿಸಿ ತಗ್ಗಿಸೋದು ಬೇಡ. 80ರ ಸ್ಪೀಡಲ್ಲಿ ದೊಡ್ಡ ರೆಕ್ಕೆ ಅಲಂಕಾರ ಅಷ್ಟೇ. ಡಿಕ್ಕಿಯಲ್ಲಿ ಮರಳ ಮೂಟೆ ಇಡೋ ಐಡಿಯಾ ಖಾಲಿ ಪಿಕಪ್ಪಿಂದ ಬಂದದ್ದು. ಅಲ್ಲಿ ಭಾರ ಆಕ್ಸಲ್ ಮೇಲೆ ಕೂರುತ್ತೆ. ಕಾರಿನ ಡಿಕ್ಕಿ ಆಕ್ಸಲ್‌ನಿಂದ ಹಿಂದಕ್ಕೆ ಚಾಚಿದೆ, ಜಾರೋಕೆ ಶುರುವಾದ್ರೆ ಆ ಮೂಟೆಯೇ ಬಾಲನ ಬೀಸುತ್ತೆ. ಕಾನೂನೂ ನೆನಪಿರಲಿ. ಕಂಪನಿ ಕೊಟ್ಟ ಮೂಲ ರೂಪ ಬದಲಾಯಿಸೋ ಹಾಗಿಲ್ಲ ಅಂತ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕ್ಲೈಮ್ ಹಾಕೋ ದಿನ ಇನ್ಶೂರೆನ್ಸ್‌ನವರು ಅದನ್ನೇ ಹುಡುಕ್ತಾರೆ.

ಹುರುಳಿ ಮೇಲೆ ಹೋಗಲೇಬೇಕಾದ್ರೆ ಮುಂಚೆಯೇ ಸ್ಪೀಡ್ ಇಳಿಸಿ, ಅದರ ಮೇಲೆ ಬ್ರೇಕೂ ಬೇಡ, ಸ್ಟಿಯರಿಂಗ್ ಎಳೆದಾಟವೂ ಬೇಡ. ದಾಟಿದ ಮೇಲೆ ಪಕ್ಕಕ್ಕೆ ನಿಲ್ಲಿಸಿ ಕೆಳಗೆ ಬಗ್ಗಿ ನೋಡಿ. ರಿಯರ್ ವೀಲ್ ಡ್ರೈವಲ್ಲಿ ಗಾಡಿ ಉದ್ದಕ್ಕೂ ತಿರುಗೋ ಶಾಫ್ಟ್ ಇದೆ, ಅದರ ಪಕ್ಕದಲ್ಲೇ ಬಿಸಿ ಸೈಲೆನ್ಸರ್ ಪೈಪ್. ಹುಲ್ಲು ಸುತ್ತಿಕೊಂಡು ಕಾರುಗಳಿಗೆ ಬೆಂಕಿ ಹತ್ತಿರೋ ಸುದ್ದಿ ನೀವೂ ಓದಿದ್ದೀರಿ.

ಕಲಿಯೋದು ಎಲ್ಲಿ

ಸ್ಲೈಡ್ ಕಂಟ್ರೋಲ್ ಕಲೀಬೇಕು ಅನ್ನೋ ಆಸೆ ತಪ್ಪಲ್ಲ, ಆದ್ರೆ ಅದು ಹೆದ್ದಾರಿಯಲ್ಲಿ ಆಗಲ್ಲ. ಚಾಮರಾಜನಗರ, ಸತ್ಯಮಂಗಲ ದಾಟಿದ್ರೆ ಕೊಯಮತ್ತೂರು. ಅಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಎಸ್. ಕರಿವರ್ಧನ್ ಹೆಸರಿನ ಟ್ರ್ಯಾಕು. ಮಾರುತಿ 800ರ ಎಂಜಿನ್ ಇಟ್ಟು ಫಾರ್ಮುಲಾ ಮಾರುತಿ ಅನ್ನೋ ರೇಸ್ ಕಾರು ಕಟ್ಟಿದವರು ಅವರು. 2005ರಲ್ಲಿ ಫಾರ್ಮುಲಾ ಒನ್‌ಗೆ ಹೋದ ಮೊದಲ ಭಾರತೀಯ ನಾರಾಯಣ್ ಕಾರ್ತಿಕೇಯನ್ ರೇಸ್ ಶುರು ಮಾಡಿದ್ದು ಅದೇ ಫಾರ್ಮುಲಾ ಮಾರುತಿಯಲ್ಲಿ. 800 ಸಿಸಿಯಲ್ಲಿ! ಕಲಿಯೋಕೆ ಬೇಕಾದದ್ದು ಪವರ್ ಅಲ್ಲ, ಜಾಗ ಮತ್ತು ಸಮಯ.

ಸರಿ, ನರಸೀಪುರದ ಗೆಳೆಯರಿಗೆ ಉತ್ತರ. ರೀಮ್ಯಾಪ್ ಬಿಡಿ. ಟೈರ್ ತಾರೀಖು ನೋಡಿ, ನಾಲ್ಕು ಒಳ್ಳೆ ಟೈರ್ ಹಾಕ್ಸಿ, ಅಲೈನ್‌ಮೆಂಟ್ ಮಾಡಿಸಿ, ಬುಷ್, ಶಾಕ್ ಚೆಕ್ ಮಾಡಿಸಿ. ಉಳಿದ ದುಡ್ಡು ಒಂದು ಟ್ರ್ಯಾಕ್ ಡೇಗೆ ಎತ್ತಿಡಿ. ಆಮೇಲೂ ಮಳೇಲಿ ಜಾರಿದ್ರೆ ಕಾರಿಗೆ ಇನ್ನೇನೂ ಹಾಕ್ಬೇಡಿ, ತಿರುವಿಗೆ ಹತ್ತು ಕಿಲೋಮೀಟರ್ ಕಮ್ಮಿ ಸ್ಪೀಡಲ್ಲಿ ಹೋಗಿ. ಅದಕ್ಕೆ ಜಿಎಸ್‌ಟಿನೂ ಇಲ್ಲ.

ಈಗ ಎಲ್ಲರಿಗೂ ಒಂದು ಹೋಂವರ್ಕ್. ಕೆಳಗಿಳಿದು ನಿಮ್ಮ ಗಾಡಿ ಟೈರಿನ ನಾಲ್ಕು ಅಂಕಿ ಓದಿ, ಫೋಟೋ ತೆಗೆದು ನಮಗೆ ಕಳ್ಸಿ. ಅಪ್ಪನ ಪಿಕಪ್ ಆದ್ರೂ ಸರಿ, ಅಕ್ಕನ ಸ್ಕೂಟಿ ಆದ್ರೂ ಸರಿ. ಅತಿ ಹಳೇ ಟೈರ್ ಯಾರದ್ದು ಅಂತ ಮುಂದಿನ ವಾರ ಹೇಳ್ತೀನಿ. ಹುಷಾರಾಗಿ ಓಡಿಸಿ. ಸಿಗೋಣ.